ಕ್ರೂಸರ್ ಕಳಕಪ್ಪನ ಗೋವಾ ದಿಗ್ವಿಜಯ

ಎಲೈ ಗಾಳಿಯೇ, ಒಬ್ಬರ ಮನೆಯ ಗುಟ್ಟನ್ನು ಊರೆಲ್ಲರ ಕಿವಿಗೆ ಬಾಡಿಗೆಯಿಲ್ಲದೆ ಸಾಗಿಸುವ ಪರೋಪಕಾರಿಯೇ, ಹದ್ದು ಹಪ್ಪಳ ವಿಮಾನ ವದಂತಿಗಳನ್ನು ಭೇದವೆಣಿಸದೆ ಹೊತ್ತು ನಡೆಯುವ ಸಮದರ್ಶಿಯೇ, ಈ ಕಥೆ ಹುಟ್ಟಿದ್ದು ನಿನ್ನಿಂದ. ಆದ್ದರಿಂದ ಇದನ್ನು ಹೇಳುವವನ ಮೇಲೆ ಕೃಪೆಯಿಡುವುದೂ ನಿನ್ನದೇ ಹೊಣೆ. ಕೃತ ತ್ರೇತಾ ದ್ವಾಪರಗಳು ಸಂದುಹೋಗಿ, ಕಲಿಯುಗದ ಪ್ರಥಮ ಪಾದದಲ್ಲಿ, ಅಂಗೈಯಗಲದ ಗಾಜಿನೊಳಗೆ ಲೋಕವೃತ್ತಾಂತವೆಲ್ಲ ಫಾರ್ವರ್ಡ್ ಆಗಿ ಬಂದು ಬೀಳುತ್ತಿದ್ದ ಕಾಲದಲ್ಲಿ, ಗದಗ ಜಿಲ್ಲೆಯ ಗಜೇಂದ್ರಗಡವೆಂಬ, ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಮಗ್ಗದ ಸಪ್ಪಳಕ್ಕೆ ಕಣ್ಣುಬಿಡುವ ಪಟ್ಟಣದಲ್ಲಿ ಒಬ್ಬ ವೀರನಿದ್ದ. ಕಳಕಪ್ಪ ಹೂಗಾರನೆಂದು ಅವನ ನಾಮಧೇಯ.

ಅವನೇನೂ ರಾಜವಂಶದವನಲ್ಲ. ಅಪ್ಪ ಗುಡಿಗೆ ಹೂ ಕೊಡುತ್ತಿದ್ದ. ಮಗ ಏಳನೆಯ ಈಯತ್ತೆಗೆ ಶಾಲೆ ಬಿಟ್ಟು, ಬೇರೆಯವರ ಗಾಡಿ ಇಪ್ಪತ್ತು ವರ್ಷ ಓಡಿಸಿ, ಕಡೆಗೆ ತನ್ನದೊಂದು ಕೊಂಡ. ಆದರೆ ವೀರನ ಕುಲ ಕೇಳಬಾರದು, ವಾಹನ ಕೇಳಬೇಕು. ಧೂಳಿಧೂಸರಿತಶ್ವೇತಗಾತ್ರವೂ ಪೀತಫಲಕಶೋಭಿತಲಲಾಟವೂ ಆದ, ಏರು ಹತ್ತುವಾಗ ಮೇಘಗಂಭೀರಘರ್ಘರನಿನಾದವನ್ನೂ ಇಳಿಜಾರಿನಲ್ಲಿ ಅದಕ್ಕಿಂತ ಹೆಚ್ಚಿನ ನಿನಾದವನ್ನೂ ಮಾಡುವ, ಸರಕಾರದ ಕಾಗದದ ಪ್ರಕಾರ ಹನ್ನೆರಡು ಮಂದಿಗೂ ಮದುವೆ ದಿಬ್ಬಣದ ಪ್ರಕಾರ ಇಪ್ಪತ್ತೆರಡು ಮಂದಿಗೂ ಇಂಬು ಕೊಡುವ ಕ್ರೂಸರ್ ಎಂಬ ಮಹಾರಥ ಅವನದಾಗಿತ್ತು. ದೇವೇಂದ್ರನ ಐರಾವತಕ್ಕೆ ನಾಲ್ಕು ದಂತಗಳಂತೆ. ಕಳಕಪ್ಪನ ಕ್ರೂಸರಿಗೆ ನಾಲ್ಕು ಹಾರ್ನ್‌ಗಳಿದ್ದವು. ಮೂರು ಕೆಲಸ ಮಾಡುತ್ತಿದ್ದವು.

ಆ ಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ಮಕ್ತುಮಸಾಬ ನದಾಫನ ಹೊಲಿಗೆ ಅಂಗಡಿ. ಅದರ ಮುಂದಿನ ಎರಡು ಬೆಂಚುಗಳ ಮೇಲೆ ಸಾಯಂಕಾಲ ಐದಕ್ಕೆ ಎಂಟು ಮಂದಿ ಮಹನೀಯರ ಸಭೆ ಸೇರುತ್ತಿತ್ತು. ಅಂಗಡಿಯ ಒಡೆಯ ಮಕ್ತುಮಸಾಬ, ಗಣಿತ ಕಲಿಸಿ ನಿವೃತ್ತರಾದ ಶಿವಯೋಗಿ ಮಾಸ್ತರು, ಸಾರಿಗೆ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದ ಬಸಲಿಂಗಪ್ಪ ಕೊಣ್ಣೂರ, ಹೆಸರು ಹೇಳಿದರೆ ಕಥೆ ಉದ್ದವಾಗುವ ಇನ್ನೂ ನಾಲ್ವರು ಪೆನ್ಶನ್‌ದಾರರು, ಎಂಟನೆಯವನು ಕಳಕಪ್ಪ. ಸಂಕ್ರಾಂತಿ ಮುಗಿದ ಎರಡನೆಯ ಶನಿವಾರ ಈ ಎಂಟು ಮಂದಿ ಕ್ರೂಸರನ್ನೇರಿ ಗೋವಾಕ್ಕೆ ಹೋಗುವುದು, ಕೊಲ್ವಾದ ಸಮುದ್ರದಲ್ಲಿ ಬನಿಯನ್ನು ತೊಟ್ಟು ಮೊಣಕಾಲುಮಟ್ಟ ನಿಂತು ನಲವತ್ತು ನಿಮಿಷ ಕಿರುಚಾಡುವುದು, ಮನೆಯಿಂದ ತಂದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಉಸುಕಿನೊಡನೆ ಉಣ್ಣುವುದು, ಅಂದೇ ತಿರುಗಿ ಬರುವುದು, ಹನ್ನೊಂದು ವರ್ಷಗಳಿಂದ ತಪ್ಪದ ವ್ರತವಾಗಿತ್ತು.

ಈಗ ಒಂದು ಮಾತನ್ನು ಅಲಂಕಾರವಿಲ್ಲದೆ ಹೇಳಬೇಕು. ಆ ಬೆಂಚಿನ ಮೇಲೆ ಕಳಕಪ್ಪನಿಗೆ ಜಾಗ ಸಿಕ್ಕಿದ್ದು ಕ್ರೂಸರಿನಿಂದ. ಉಳಿದವರು ಅವನನ್ನು "ಲೇ ಕಳಕಾ" ಎನ್ನುತ್ತಿದ್ದರು; ಅವನು ಎಲ್ಲರಿಗೂ "ರೀ" ಹಚ್ಚುತ್ತಿದ್ದ. ರಾಜಕಾರಣದ ಮಾತು ಬಂದಾಗ ಅವನ ಅಭಿಪ್ರಾಯ ಯಾರೂ ಕೇಳುತ್ತಿರಲಿಲ್ಲ. ಗೋವಾದ ಮಾತು ಬಂದಾಗ ಮಾತ್ರ ಏಳೂ ಮುಖಗಳು ಅವನ ಕಡೆ ತಿರುಗುತ್ತಿದ್ದವು: ಎಷ್ಟಕ್ಕ ಬಿಡೋಣು, ಘಾಟು ಹ್ಯಾಂಗೈತಿ, ಡೀಸೆಲ್ ಎಲ್ಲಿ ಹಾಕ್ಸೋಣು. ವರ್ಷದಲ್ಲಿ ಒಂದು ವಾರ ಅವನು ಆ ಸಭೆಯ ಅಧ್ಯಕ್ಷ. ಉಳಿದ ಐವತ್ತೊಂದು ವಾರಗಳನ್ನು ಅವನು ಆ ಒಂದು ವಾರದ ಬಲದ ಮೇಲೆ ಕೂತು ಕಳೆಯುತ್ತಿದ್ದ.

ಹೀಗಿರಲಾಗಿ, ಸಂಕ್ರಾಂತಿಗೆ ಹದಿನೈದು ದಿನವಿರುವಾಗ, ವದಂತಿಯೆಂಬ ಆ ಅನಂತಪಾದೆ, ಅಸಂಖ್ಯಜಿಹ್ವೆ, ನಿರಾಧಾರಸಂಚಾರಿಣಿ ಹುಬ್ಬಳ್ಳಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹೊರಟಳು. ಹುಬ್ಬಳ್ಳಿಯಿಂದ ಗೋವಾಕ್ಕೆ ಅಗ್ಗದ ವಿಮಾನವೊಂದು ಶುರುವಾಗಲಿದೆಯೆಂಬುದು ಅವಳ ಮೂಲಸ್ವರೂಪ. ಹುಬ್ಬಳ್ಳಿಯಲ್ಲಿ ಟಿಕೆಟ್ಟು ಎರಡು ಸಾವಿರವಿತ್ತು, ಹಾರಾಟ ಒಂದು ತಾಸಿನದು. ಅಣ್ಣಿಗೇರಿ ದಾಟುವಾಗ ಸಾವಿರದ ಐನೂರಾಯಿತು. ಗದಗದಲ್ಲಿ ಚಹ ಕುಡಿದು ಹೊರಟವಳು ಸಾವಿರದ ಇನ್ನೂರಕ್ಕಿಳಿದಳು. ನರೇಗಲ್ಲಿನಲ್ಲಿ ಯಾರೋ ಉಪ್ಪಿಟ್ಟು ಸೇರಿಸಿದರು. ಗಜೇಂದ್ರಗಡ ಮುಟ್ಟುವ ಹೊತ್ತಿಗೆ ಟಿಕೆಟ್ಟು ಒಂಬೈನೂರ ತೊಂಬತ್ತೊಂಬತ್ತು, ಹಾರಾಟ ನಲವತ್ತು ನಿಮಿಷ, ಉಪ್ಪಿಟ್ಟಿನ ಜೊತೆ ಶಿರಾ, ಪ್ರತಿ ಶನಿವಾರ ಮುಂಜಾನೆ ಏಳೂವರೆಗೆ, ಸಂಕ್ರಾಂತಿ ಮುಗಿದ ಎರಡನೆಯ ಶನಿವಾರವೇ ಮೊದಲ ಸರ್ವಿಸ್ ಎಂಬಷ್ಟು ಸರ್ವಾಂಗಸುಂದರಿಯಾಗಿ ಬಸಲಿಂಗಪ್ಪ ಕೊಣ್ಣೂರನ ಮೊಬೈಲಿನಲ್ಲಿ ಇಳಿದಳು.

ಬಸಲಿಂಗಪ್ಪನೇನು ಸಾಮಾನ್ಯನೇ? ಚರ್ಮಚೀಲಾಲಂಕೃತವಾಮಸ್ಕಂಧನೂ, ಶೀಟಿನಾದಮಾತ್ರದಿಂದ ಬೃಹದ್ವಾಹನಸ್ತಂಭನಚತುರನೂ, ಕಿಟಕಿಯಿಂದ ಒಗೆದ ಟವೆಲಿಗೂ ಬಾಗಿಲಿನಿಂದ ಬಂದ ಮನುಷ್ಯನಿಗೂ ನಡೆಯುವ ಸೀಟಿನ ವ್ಯಾಜ್ಯಗಳಲ್ಲಿ ಮೂವತ್ತೊಂದು ವರ್ಷ ಪಕ್ಷಪಾತವಿಲ್ಲದೆ ತೀರ್ಪಿತ್ತವನೂ ಆದ ಆ ಮಹಾಶಯ, ಅಂದು ಸಾಯಂಕಾಲ ಬೆಂಚಿನ ಮೇಲೆ ಕುಳಿತು, ಮೊಬೈಲನ್ನು ತಾಮ್ರಪಟದಂತೆ ಎಲ್ಲರೆದುರು ಎತ್ತಿ ಹಿಡಿದ. ಈ ವರ್ಷ ವಿಮಾನಕ್ಕೆ ಹೋಗುವುದು ಎಂದು ಸಾರಿದ. ಆರು ಮುಖಗಳು ಅರಳಿದವು. ಏಳನೆಯದು ಚಹದ ಲೋಟದೊಳಗೆ ನೋಡಿತು.

ಶಿವಯೋಗಿ ಮಾಸ್ತರರು ಒಂದು ಸಂಶಯ ಎತ್ತಿದರು. ಅವರ ಮಗಳು ಬೆಂಗಳೂರಿನಿಂದ ಒಮ್ಮೆ ಹಾರಿದ್ದಳು. ಟಿಕೆಟ್ಟನ್ನು ಮೊದಲೇ ಮೊಬೈಲಿನಲ್ಲಿ ತೆಗೆದಿದ್ದಳು. ತಾವೂ ಹುಡುಕಿದರೆ ಗೋವಾದ ವಿಮಾನ ಕಾಣುತ್ತಿಲ್ಲವೆಂದರು. ಬಸಲಿಂಗಪ್ಪ ನಕ್ಕ. ಹೊಸ ರೂಟು ಮೊದಲು ಓಡುತ್ತದೆ, ಬೋರ್ಡು ಆಮೇಲೆ ಬರುತ್ತದೆ ಎಂದು ವಿವರಿಸಿದ. ತಾನು ಕೊಪ್ಪಳದ ಹೊಸ ರೂಟಿನಲ್ಲಿ ನಾಲ್ಕು ತಿಂಗಳು ಹಲಗೆಯ ಮೇಲೆ ಸೀಮೆಸುಣ್ಣದಿಂದ ಊರ ಹೆಸರು ಬರೆದುಕೊಂಡು ಹೋಗಿಬಂದದ್ದನ್ನು ಸಾಕ್ಷಿಗಿಟ್ಟ.

"ಟಿಕೆಟ್ ಗಾಡ್ಯಾಗ ಕೊಡ್ತಾರ್ರೀ ಮಾಸ್ತರ. ನಮ್ಮ ಕೆಲಸ ಏನು, ಮೊದಲ ಹೋಗಿ ಸೀಟ ಹಿಡಿಯೋದು. ಮೊದಲ್ನೇ ಸರ್ವಿಸಿಗೆ ಮಂದಿ ಮುಗಿಬೀಳ್ತೈತಿ. ಎಲ್ಲಾರೂ ಒಂದೊಂದು ಟವೆಲ್ ತಗೋರಿ."

ವಿಮಾನದ ಕಿಟಕಿ ತೆರೆಯುವುದಿಲ್ಲವಲ್ಲ ಎಂದು ಮಕ್ತುಮಸಾಬ ಕತ್ತರಿ ಕೆಳಗಿಡದೆ ಕೇಳಿದ. ಹಾಗಾದರೆ ಬಾಗಿಲಿನಿಂದ ಒಗೆಯುವುದು ಎಂದು ಬಸಲಿಂಗಪ್ಪ ತೀರ್ಪಿತ್ತ. ಮೂವತ್ತೊಂದು ವರ್ಷದ ಅನುಭವದ ಮುಂದೆ ಗಣಿತವೂ ಕತ್ತರಿಯೂ ಸುಮ್ಮನಾದವು.

ಆಗ ಕಳಕಪ್ಪ ಲೋಟ ಕೆಳಗಿಟ್ಟು ಎದ್ದು ನಿಂತ. ಹೇಗೆ ಸಂತೆಯ ದಿನ ಬದನೆಕಾಯಿ ರಾಶಿಯ ಪಕ್ಕ ಮೆಲುಕು ಹಾಕುತ್ತ ಮಲಗಿದ್ದ ಹೋರಿ, ತನ್ನನ್ನು ಬಿಟ್ಟು ಟ್ರ್ಯಾಕ್ಟರಿನ ಬೆಲೆ ಕೇಳುತ್ತಿರುವ ಒಡೆಯನ ದನಿ ಕಿವಿಗೆ ಬೀಳಲು ಮೊದಲು ಮುಂಗಾಲೂರಿ ಆಮೇಲೆ ಹಿಂಗಾಲೂರಿ ಮೇಲೇಳುವುದೋ, ಹಾಗೆ ಎದ್ದ. ಅವನ ಮಾತನ್ನು ಗ್ರಂಥಭಾಷೆಗಿಳಿಸಿದರೆ ಹೀಗಾಗುತ್ತದೆ: "ಎಲೈ ಆಕಾಶಮೋಹಿತರಿರಾ, ವಿಮಾನವು ಹಾರುವುದು ನಲವತ್ತೇ ನಿಮಿಷವಾಗಿರಬಹುದು. ಆದರೆ ಹಾರುವ ಮುನ್ನ ಭೂಮಿಯ ಮೇಲೆ ತಾಸುಗಟ್ಟಲೆ ಹರಿದಾಡುವುದನ್ನು ನೀವು ಬಲ್ಲಿರಾ? ಇಳಿದ ಮೇಲೆ ನಿಮ್ಮ ಚೀಲಗಳು ಚಕ್ರಾಕಾರವಾಗಿ ಸುತ್ತಿ ಬರುವುದನ್ನು ಬಲ್ಲಿರಾ? ಅಲ್ಲಿಂದ ಸಮುದ್ರಕ್ಕೆ ಟ್ಯಾಕ್ಸಿಯವನೊಡನೆ ಮಾಡಬೇಕಾದ ವಾಗ್ಯುದ್ಧವನ್ನು ಬಲ್ಲಿರಾ? ನಿಮ್ಮ ವಿಮಾನ ನೆಲ ಬಿಟ್ಟ ಕ್ಷಣಕ್ಕೆ ನಾನು ಗೇರು ಹಾಕುವೆನು. ನೀವು ಕೊಲ್ವಾದ ನೀರಿಗೆ ಕಾಲಿಡುವ ಮುನ್ನ ನನ್ನ ಪಾದ ತೊಯ್ದಿರುವುದು." ಅವನು ನಿಜವಾಗಿ ಹೇಳಿದ್ದು ಇಷ್ಟು:

"ಹೋಗ್ರಿ ಹೋಗ್ರಿ. ನಿಮಗಿಂತ ಮೊದಲ ನಾ ಇರ್ತೀನಿ ಅಲ್ಲಿ."

ಪಂತ ಬಿತ್ತು. ಶಿವಯೋಗಿ ಮಾಸ್ತರರು ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಮಕ್ತುಮಸಾಬನ ಮೇಜಿನ ಮೇಲೆ ಲೆಕ್ಕ ಮಾಡಿದರು. ಎಲ್ಲ ತಡಗಳನ್ನೂ ಕೂಡಿಸಿದರೆ ಹುಬ್ಬಳ್ಳಿಯಿಂದ ಕೊಲ್ವಾ ಮುಟ್ಟಲು ವಿಮಾನಕ್ಕೆ ನಾಲ್ಕು ತಾಸು ಹತ್ತು ನಿಮಿಷ, ಕ್ರೂಸರಿಗೆ ನಾಲ್ಕು ತಾಸು ಹದಿನೈದು ನಿಮಿಷ ಬಂತು. ಐದು ನಿಮಿಷ ಎಂದರೆ ಘಾಟಿನಲ್ಲಿ ಒಂದು ಲಾರಿ. ಕಳಕಪ್ಪ ಆ ಲೆಕ್ಕವನ್ನು ನೋಡಿದ ಮೇಲೆ ಎರಡು ವಾರ ಸರಿಯಾಗಿ ಉಣ್ಣಲಿಲ್ಲ.

ಅವನ ಹೆಂಡತಿ ನಿಂಬವ್ವ ಹೆಚ್ಚು ಮಾತಿನವಳಲ್ಲ. ಟೈರು ಬದಲಿಸುವುದು, ಬ್ರೇಕ್ ತೋರಿಸುವುದು, ಗ್ರೀಸ್ ಹಚ್ಚುವುದು ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿ, ಒಂದು ದಿನ ಕೇಳಿದಳು: "ಆ ವಿಮಾನ ಬಂತಂದ್ರ ನಿಮ್ಮನ್ನ ಬೆಂಚಿನ ಮ್ಯಾಲ ಕರೀತಾರಂತೇನು ಅವರು?"

ಇವನು ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತ, ಗಾಡಿ ಮಾತಾಡುತ್ತದೆ ಎಂಬರ್ಥದಲ್ಲಿ ಏನೋ ಗೊಣಗಿದ. ಬಾಣ ನೆಟ್ಟ ಜಾಗ ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಗೆದ್ದರೆ ವಿಮಾನದ ಮಾತು ಅಲ್ಲಿಗೆ ಮುಗಿಯುತ್ತದೆ. ಸೋತರೆ ಹನ್ನೊಂದು ವರ್ಷ ಕೂತ ಬೆಂಚಿನ ಮೇಲೆ ಅವನು ಚಹ ಕುಡಿಯಲು ಬಂದ ಯಾರೋ ಒಬ್ಬ ಆಗುತ್ತಾನೆ.

ಆ ಮಹಾದಿನ ಹತ್ತಿರ ಬಂತು. ಆದರೆ ಎರಡೂ ಪಕ್ಷದ ಸೇನಾನಿಗಳು ಒಂದು ಸಂಗತಿಯನ್ನು ಮರೆತಿದ್ದರು. ಗಜೇಂದ್ರಗಡದಿಂದ ಹುಬ್ಬಳ್ಳಿಯ ವಿಮಾನ ನಿಲ್ದಾಣಕ್ಕೆ ನೂರು ಕಿಲೋಮೀಟರಿನ ಮೇಲಾಗುತ್ತದೆ. ಏಳೂವರೆಯ ವಿಮಾನಕ್ಕೆ ಸೀಟು ಹಿಡಿಯಬೇಕೆಂದರೆ ಆರಕ್ಕೆ ಅಲ್ಲಿರಬೇಕು. ಆ ಹೊತ್ತಿಗೆ ಮುಟ್ಟಿಸುವ ಬಸ್ಸು ಇಲ್ಲವೆಂಬುದು ಬಸಲಿಂಗಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದ್ದರಿಂದ ಶುಕ್ರವಾರ ಸಾಯಂಕಾಲ ಅವನೇ ಕಳಕಪ್ಪನ ಮನೆಗೆ ಬಂದು, ತಮ್ಮನ್ನು ಯುದ್ಧಭೂಮಿಗೆ ತಲುಪಿಸಬೇಕೆಂದು ವೈರಿಯನ್ನು ಕೇಳಿಕೊಂಡ. ಕಳಕಪ್ಪ ಒಪ್ಪಿದ. ಹೀಗೆ ಏಳು ಮಂದಿ ಪ್ರತಿಪಕ್ಷದವರು, ಹೆಗಲ ಮೇಲೆ ಏಳು ಟವೆಲುಗಳೊಡನೆ, ಯಾವ ರಥವನ್ನು ಸೋಲಿಸಲು ಹೊರಟಿದ್ದರೋ ಅದೇ ರಥದಲ್ಲಿ ತೂಕಡಿಸುತ್ತ ಹುಬ್ಬಳ್ಳಿಗೆ ಹೋದರು. ರೊಟ್ಟಿ ಗಂಟನ್ನು ವಿಮಾನದಲ್ಲಿ ಒಳಗೆ ಬಿಡುವುದಿಲ್ಲವೆಂದು ಮಾಸ್ತರರು ಹೇಳಿದ್ದರಿಂದ ಅದನ್ನು ಕ್ರೂಸರಿನಲ್ಲೇ ಬಿಟ್ಟರು. ಹೇಗೂ ಉಪ್ಪಿಟ್ಟಿತ್ತು, ಶಿರಾ ಇತ್ತು.

ನಿಲ್ದಾಣದ ಬಾಗಿಲಲ್ಲಿ ಗಾಡಿ ನಿಲ್ಲಿಸಗೊಡುವುದಿಲ್ಲ. ಕಳಕಪ್ಪ ಏಳು ಮಂದಿಯನ್ನು ಇಳಿಸಿ, ಕ್ರೂಸರನ್ನು ಹೊರಗಿನ ರಸ್ತೆಗೆ ತಂದು, ಕಂಪೌಂಡಿನ ಗೋಡೆಯ ಬದಿಗೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದ. ಅಲ್ಲಿಂದ ಬಾಗಿಲು ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಅವನಿಗೆ ಬೇಕಾದದ್ದು ಆಕಾಶವೇ. ಎಂಜಿನ್ ಆರಿಸದೆ, ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟು, ಧನುಸ್ಸಿಗೆ ಹೆದೆಯೇರಿಸಿದ ವೀರನಂತೆ ಕಾದ.

ಏಳೂ ಐವತ್ತಕ್ಕೆ ಗೋಡೆಯಾಚೆಯಿಂದ ಪ್ರಳಯಘೋಷವೊಂದು ಎದ್ದಿತು. ರಜತಪಕ್ಷಪ್ರಸಾರಿತವೂ ಪ್ರಭಾತಾರುಣಕಿರಣರಂಜಿತವೂ ಆದ ಬೃಹತ್ಪತಂಗವೊಂದು ಗೋಡೆಯ ಮೇಲೆ, ಬೇಲಿಯ ಮೇಲೆ, ಕಳಕಪ್ಪನ ತಲೆಯ ಮೇಲೆ ಏರಿ ಹೋಯಿತು. ಅದು ಬೆಂಗಳೂರಿಗೆ ಹೋಗುವ, ದಿನನಿತ್ಯದ ವಿಮಾನ. ಮೇಲೇರಿ ಅದು ತೆಂಕು ದಿಕ್ಕಿಗೆ ತಿರುಗಿತು. ಗೋವಾ ಇರುವುದು ಪಶ್ಚಿಮಕ್ಕೆ. ಕಳಕಪ್ಪ ಇದನ್ನು ಗಮನಿಸದೆ ಇರಲಿಲ್ಲ. ಬೈಪಾಸಿನಂತೆ ಅದಕ್ಕೂ ಯೂ ಟರ್ನ್ ಮುಂದೆಲ್ಲೋ ಇರಬೇಕೆಂದುಕೊಂಡ. ಗೇರು ಹಾಕಿದ.

ಆಮೇಲೆ ನಡೆದದ್ದನ್ನು ವರ್ಣಿಸಲು ಸಹಸ್ರಜಿಹ್ವನೂ ಸಾಲನು. ಮೂರು ಹಾರ್ನ್‌ಗಳ ತ್ರಿವಿಧನಾದ ದಿಕ್ತಟಗಳನ್ನು ತುಂಬಲು, ಹಾಲಿನ ಗಾಡಿಗಳು ಎಡಕ್ಕೆ ಸರಿಯಲು, ಎಡಕ್ಕೆ ಸರಿಯದ ಎಮ್ಮೆಗಳನ್ನು ತಾನೇ ಬಲಕ್ಕೆ ಸರಿದು ದಾಟಿ, ಧಾರವಾಡವನ್ನು ಫೇಡೆಯ ವಾಸನೆಗೂ ಮೂಗು ತಿರುಗಿಸದೆ ಹಿಂದೆ ಹಾಕಿ, ಅಳ್ನಾವರದ ರೈಲ್ವೆ ಗೇಟು ಬೀಳುವುದಕ್ಕೆ ಮೂರು ಮಾರು ಮುಂಚೆ ನುಸುಳಿ, ಲೋಂಡಾದ ಕಾಡಿನೊಳಗೆ ಆ ಶ್ವೇತರಥ ನುಗ್ಗಿತು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಗಾಡಿ ಖಾಲಿಯಿತ್ತು. ಹಿಂದಿನಿಂದ "ಲೇ ಕಳಕಾ, ನಿಂದ್ರಸೋ, ಒಂದಕ್ಕ ಹೋಗಬೇಕು" ಎನ್ನುವವರಿರಲಿಲ್ಲ. ಅದರಿಂದಲೇ ಇಪ್ಪತ್ತು ನಿಮಿಷ ಉಳಿಯಿತು. ಖಾಲಿ ಸೀಟುಗಳು ತಿರುವಿನಲ್ಲಿ ಮಾತ್ರ ಕಿರುಗುಟ್ಟುತ್ತಿದ್ದವು. ಸಪ್ಪಳವಿಲ್ಲದ ಗಾಡಿ ಓಡಿಸಿ ಅವನಿಗೆ ಅಭ್ಯಾಸವಿರಲಿಲ್ಲ; ಎರಡು ಸಲ ಹಿಂದೆ ತಿರುಗಿ ನೋಡಿದ.

ಹತ್ತೂವರೆಗೆ ಘಾಟಿನ ತುದಿಯಲ್ಲಿ ಮೊಬೈಲ್ ಹೊಡೆದುಕೊಂಡಿತು. ಬಸಲಿಂಗಪ್ಪ. ವಿಮಾನದೊಳಗೆ ಫೋನ್ ಬಂದ್ ಮಾಡಿಸುತ್ತಾರೆಂದು ಮಾಸ್ತರರೇ ಹೇಳಿದ್ದರು. ಫೋನ್ ಬಂತೆಂದರೆ ಇಳಿದಿದ್ದಾರೆ; ಇಳಿದು, ಅಣಕಿಸಲು ಮಾಡುತ್ತಿದ್ದಾರೆ. ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಅವರ ಚೀಲ ಬರುತ್ತಿರಬೇಕು ಎಂದುಕೊಂಡು ಆಕ್ಸಿಲೇಟರ್ ಒತ್ತಿದ. ಆಮೇಲೆ ತಿರುವಿನಲ್ಲಿ ನೆಟ್‌ವರ್ಕ್ ಹೋಯಿತು, ಮುಂದೆ ಒಂದು ಲಾರಿ ಸಿಕ್ಕಿತು, ಅದರ ಮುಂದೆ ಇನ್ನೂ ಹನ್ನೊಂದು ಲಾರಿಗಳಿದ್ದವು. ಆ ದ್ವಾದಶಲಾರೀವ್ಯೂಹವನ್ನು ಅವನು ಒಂದೊಂದಾಗಿ ಭೇದಿಸಿದ ಬಗೆಯನ್ನು ಪೊಲೀಸರು ನೋಡಲಿಲ್ಲವಾದ್ದರಿಂದ ಇಲ್ಲಿಯೂ ಹೇಳುವುದಿಲ್ಲ.

ಹನ್ನೊಂದು ಐವತ್ತೆರಡಕ್ಕೆ, ಕೊಲ್ವಾದಲ್ಲಿ, ಚಪ್ಪಲಿಯನ್ನು ಕ್ರೂಸರಿನಲ್ಲೇ ಬಿಟ್ಟು ಕಾದ ಉಸುಕಿನ ಮೇಲೆ ಕುಣಿಯುತ್ತ ಓಡಿದ ಕಳಕಪ್ಪ ಹೂಗಾರ ಪಶ್ಚಿಮ ಸಮುದ್ರಕ್ಕೆ ಕಾಲಿಟ್ಟ. ತೀರದ ಉದ್ದಕ್ಕೂ ಕಣ್ಣಾಡಿಸಿದ. ಛತ್ರಿಗಳ ಕೆಳಗೆ ಪರದೇಶದವರು ಮಲಗಿದ್ದರು. ಕಾಲೇಜು ಮಂದಿ ಚೆಂಡಾಡುತ್ತಿದ್ದರು. ಬನಿಯನ್ನು ತೊಟ್ಟ ಏಳು ಮುದುಕರು ಎಲ್ಲಿಯೂ ಇರಲಿಲ್ಲ. ಅವನು ಗೆದ್ದಿದ್ದ. ಮಾನವನಿರ್ಮಿತವಾದ ಗಗನಗಾಮಿಯನ್ನು ಭೂಚರವಾಹನದಿಂದ ಸೋಲಿಸಿದ ಏಕಮೇವ ವೀರನಾಗಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತ.

ಗೆದ್ದವನಿಗೆ ಸೋತವರು ಬೇಕು. ಹದಿನೈದು ನಿಮಿಷ ಕಾದ. ಯಾರೂ ಬರಲಿಲ್ಲ. ಮೊಬೈಲ್ ತೆಗೆದರೆ ಹದಿನಾಲ್ಕು ಮಿಸ್ಡ್ ಕಾಲ್ ಇದ್ದವು. ಹೇಳಬೇಕಾದ ಮಾತನ್ನು ಘಾಟಿನಲ್ಲೇ ಸಿದ್ಧಮಾಡಿಕೊಂಡಿದ್ದ. ಗಂಟಲು ಸರಿಮಾಡಿಕೊಂಡು ಫೋನ್ ಹಚ್ಚಿದ. ಬಸಲಿಂಗಪ್ಪ ಅವನಿಗೆ ಬಾಯಿ ತೆರೆಯಗೊಡಲಿಲ್ಲ.

"ಲೇ, ಎಲ್ಲಿ ಅದಿಯೋ? ಮುಂಜಾನಿಂದ ಫೋನ್ ಹಚ್ಚಾಕತ್ತೀನಿ. ಗಾಡಿ ತಗೊಂಡು ಬಾ, ಬಿಸಲಾಗ ಕುಂತೀವಿ."

"ಯಾವ ಬಿಸಲಾಗ್ರಿ?"

"ಹುಬ್ಬಳ್ಳಿ ಬಿಸಲಾಗ. ಏರ್‌ಪೋರ್ಟ್ ಗೇಟಿನ ಮುಂದ. ವಿಮಾನಾನೂ ಇಲ್ಲ, ಏನೂ ಇಲ್ಲ."

ಅಲ್ಲಿ ನಡೆದದ್ದು ಹೀಗೆ. ಏಳು ಮಂದಿ ಸಾಲಾಗಿ ಹೋಗಿ ಹಿರಿಯ ನಾಗರಿಕರ ಬಸ್ ಪಾಸ್ ತೋರಿಸಿದರು. ಬಾಗಿಲು ಕಾಯುವವನು ಟಿಕೆಟ್ ಕೇಳಿದ. ಒಳಗೆ ತೆಗೆಯುತ್ತೇವೆ ಎಂದು ಬಸಲಿಂಗಪ್ಪ ಹೇಳಿದ. ಇಂಥ ವಿಮಾನವೇ ಇಲ್ಲವೆಂದು ಅವನು ಹಿಂದಿಯಲ್ಲಿ ಎರಡು ಸಲ, ಕೈಸನ್ನೆಯಲ್ಲಿ ಒಂದು ಸಲ ತಿಳಿಸಿದ. ಬಸಲಿಂಗಪ್ಪ ಕದಲಲಿಲ್ಲ. ಗಾಡಿ ತಡವಾಗಿರಬೇಕು ಎಂದು ಉಳಿದವರನ್ನು ಹತ್ತೂಕಾಲಿನ ತನಕ ಕೂರಿಸಿದ. ಅವನ ಅನುಭವದಲ್ಲಿ ಮೂರು ತಾಸು ತಡ ದೊಡ್ಡದಲ್ಲ. ಅಂಗಳ ಗುಡಿಸುತ್ತಿದ್ದ ಹೆಂಗಸೊಬ್ಬಳು ಅವರ ಪಾದ ಎತ್ತಿಸಿ ಕಸ ಬಳಿಯುತ್ತ, "ಬರ್ತೈತಂತ ನಾವೂ ಕೇಳೀವ್ರೀ ಯಪ್ಪಾ. ಹೋದ ವರ್ಷಾನೂ ಬರ್ತೈತಂದಿದ್ರು" ಎಂದಳು. ಆಗ ಮಾತ್ರ ಅವನ ಮುಖ ಬಿಳಿಚಿತು. ಹನ್ನೊಂದಕ್ಕೆ ಅವರು ಗೇಟಿನಾಚೆ ಬಂದು, ಗಿಡದ ಕೆಳಗೆ ಟವೆಲ್ ಹಾಸಿ ಕೂತರು. ಬಸ್ಸಿಗೆ ಹೋಗೋಣವೆಂದು ಮಕ್ತುಮಸಾಬ ಎಂದದ್ದನ್ನು ಬಸಲಿಂಗಪ್ಪ ಒಪ್ಪಲಿಲ್ಲ. ವಿಮಾನದ ಸುದ್ದಿಯನ್ನು ಅವನು ಡಿಪೋದ ತುಂಬ ಹೇಳಿದ್ದ. ಆ ದಾರಿಯ ಕಂಡಕ್ಟರುಗಳೆಲ್ಲ ಗುರುತಿನವರು.

ಇತ್ತ ಕಳಕಪ್ಪ ಮೊಣಕಾಲು ನೀರಿನಲ್ಲಿ ನಿಂತೇ ಇದ್ದ. ವಿಮಾನವೇ ಇಲ್ಲವೆಂದ ಮೇಲೆ ತಾನು ಸೋಲಿಸಿದ್ದು ಯಾರನ್ನು ಎಂಬ ತತ್ತ್ವಜಿಜ್ಞಾಸೆ ಅವನನ್ನು ಒಂದು ಅಲೆ ಬಂದು ಹೋಗುವಷ್ಟು ಹೊತ್ತು ಕಾಡಿತು. ಮುಂದಿನ ಅಲೆ ದೊಡ್ಡದಿತ್ತು. ಅದು ದಡಕ್ಕೆ ಬಡಿದು ಮುರಿಯಿತು.

"ಏನ ಸಪ್ಪಳೋ ಅದು?" ಎಂದ ಬಸಲಿಂಗಪ್ಪ.

"ಲಾರಿ ರೀ."

"ಎಲ್ಲದಿ ನೀ?"

ಇಲ್ಲಿ ಎರಡು ದಾರಿಗಳಿದ್ದವು. ನಿಜ ಹೇಳಿದರೆ, ಬೆಂಗಳೂರಿನ ವಿಮಾನದ ಜೊತೆ ಗೋವಾಕ್ಕೆ ಪಂತ ಹಾಕಿ ಓಡಿದವನು ಎಂದು ಸಾಯುವತನಕ ಬೆಂಚಿನ ಮೇಲೆ ಕರೆಸಿಕೊಳ್ಳಬೇಕು. ಅದನ್ನಾದರೂ ನುಂಗಬಹುದು. ಆದರೆ ಹನ್ನೊಂದು ವರ್ಷದ ವ್ರತ ಮುರಿದು, ಏಳು ಮಂದಿಯನ್ನು ಬಿಸಿಲಲ್ಲಿ ಬಿಟ್ಟು, ಒಬ್ಬನೇ ಸಮುದ್ರ ನೋಡಿಬಂದವನನ್ನು ಆ ಬೆಂಚು ಕ್ಷಮಿಸಲಾರದು. ಹಿಂದೆ ಬೆಂಚಿನವರೇ ಒಬ್ಬರು ಮಗಳ ಜೊತೆ ಗೋವಾಕ್ಕೆ ಹೋಗಿ ಬಂದದ್ದಕ್ಕೆ ಆರು ತಿಂಗಳು ಅವರೊಡನೆ ಯಾರೂ ಸರಿಯಾಗಿ ಮಾತಾಡಿರಲಿಲ್ಲ.

"ಪಂಕ್ಚರ್ ಆಗೈತ್ರಿ. ತಿದ್ದಿಸಾಕತ್ತೀನಿ. ಬರ್ತೀನಿ, ಅಲ್ಲೇ ಕುಂದರ್ರಿ."

ಹೀಗೆ ಆ ಯುಗದ ಮಹೋನ್ನತ ವಿಜಯವನ್ನು ಅದರ ವಿಜೇತನೇ ಪಂಕ್ಚರ್ ಎಂದು ಘೋಷಿಸಿ, ಕಾಲೊರೆಸಿಕೊಳ್ಳದೆ ಗಾಡಿ ಹತ್ತಿದ. ನಾಲ್ಕು ತಾಸು ಹಿಂದಕ್ಕೆ ಓಡಿಸಿದ. ಮಧ್ಯೆ ಬಂದ ಒಂಬತ್ತು ಫೋನುಗಳಿಗೆ, ಟ್ಯೂಬು ಸಿಗುತ್ತಿಲ್ಲ, ಸ್ಟೆಪ್ನಿಗೂ ಗಾಳಿಯಿಲ್ಲ, ಮೆಕ್ಯಾನಿಕ್ ಊಟಕ್ಕೆ ಹೋಗಿದ್ದಾನೆ ಎಂದು ಸಂಚಿಕೆ ಸಂಚಿಕೆಯಾಗಿ ಉತ್ತರ ಕೊಟ್ಟ.

ನಾಲ್ಕೂವರೆಗೆ ಕ್ರೂಸರ್ ಗೇಟಿನ ಮುಂದೆ ನಿಂತಾಗ ಏಳು ಮಂದಿ ಹತ್ತಿದರು. ಮೊದಲು ಕೇಳಿದ್ದು ರೊಟ್ಟಿ ಗಂಟನ್ನು. ಗಂಟು ಹೇಗೆ ಕಟ್ಟಿತ್ತೋ ಹಾಗೇ ಇತ್ತು. ಎಂಟು ತಾಸು ಗಾಡಿಯಲ್ಲಿದ್ದೂ ನೀನ್ಯಾಕೆ ಉಣ್ಣಲಿಲ್ಲ ಎಂದು ಮಕ್ತುಮಸಾಬ ಕೇಳಿದ್ದಕ್ಕೆ, ಟೈರಿನ ಗದ್ದಲದಲ್ಲಿ ನೆನಪಾಗಲಿಲ್ಲ ಎಂದ. ಆಮೇಲೆ ಕುಂದಗೋಳ ಕ್ರಾಸಿನಿಂದ ಅಣ್ಣಿಗೇರಿಯವರೆಗೆ ಖಡಕ್ ರೊಟ್ಟಿ ಮುರಿಯುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿರಲಿಲ್ಲ. ವಿಮಾನ ಎಂಬ ಶಬ್ದವನ್ನು ಯಾರೂ ಎತ್ತಲಿಲ್ಲ. ಊರಿನವರು ಕೇಳಿದರೆ ಹುಬ್ಬಳ್ಳಿಯಲ್ಲಿ ಕಣ್ಣಿನ ಕ್ಯಾಂಪ್ ಇತ್ತೆಂದು ಹೇಳಬೇಕೆಂದು ಮಾಸ್ತರರು ಸೂಚಿಸಿದರು, ಅದು ಅವಿರೋಧವಾಗಿ ಪಾಸಾಯಿತು.

ಅಣ್ಣಿಗೇರಿ ದಾಟಿದ ಮೇಲೆ ಬಸಲಿಂಗಪ್ಪ ಮುಂದಿನ ಸೀಟಿನಿಂದ ಕೈ ಮಾಡಿ ಗಾಡಿ ನಿಲ್ಲಿಸಿದ. ಇಳಿದು, ಕಡಲೆ ಹೊಲದ ಬದುವಿನ ಕಡೆಗೆ ನಡೆದ. ಕಳಕಪ್ಪನೂ ಇಳಿದ, ಗೋವಾ ಬಿಟ್ಟಾಗಿನಿಂದ ಅವನಿಗೂ ಪುರಸೊತ್ತಾಗಿರಲಿಲ್ಲ. ಇಬ್ಬರು ಮಹಾರಥರು ರಸ್ತೆಗೆ ಬೆನ್ನು ಹಾಕಿ, ನಾಲ್ಕು ಮಾರು ಅಂತರದಲ್ಲಿ, ಪೂರ್ವ ದಿಗಂತವನ್ನು ವೀಕ್ಷಿಸುತ್ತ ನಿಂತರು.

ಬಸಲಿಂಗಪ್ಪ ಹೇಳಿದ. ಹತ್ತುವಾಗ ಇಳಿಯುವಾಗ ಗಾಡಿಯ ಕಿಲೋಮೀಟರ್ ನೋಡುವುದು ತನ್ನ ಮೂವತ್ತೊಂದು ವರ್ಷದ ಚಟ. ನೌಕರಿ ಬಿಟ್ಟರೂ ಚಟ ಬಿಟ್ಟಿಲ್ಲ.

"ಮುಂಜಾನೆ ನಾವು ಇಳಿದಾಗ ಒಂದ ಲೆಕ್ಕ ಇತ್ತು, ಈಗ ಹತ್ತಿದಾಗ ಒಂದ ಲೆಕ್ಕ ಇತ್ತು. ನಡುವ ಮುನ್ನೂರ ನಲವತ್ತೆರಡು ಆಗೈತಿ. ಪಂಕ್ಚರ್ ಅಂಗಡಿ ಭಾಳ ದೂರ ಐತೇನೋ?"

ಕಳಕಪ್ಪ ದಿಗಂತವನ್ನೇ ನೋಡಿದ. ಹಿಂದೆ ಕ್ರೂಸರಿನಲ್ಲಿ ಯಾರೋ ಕೆಮ್ಮಿದರು. ಒಂದು ಬಸ್ಸು ಹಾದುಹೋಯಿತು.

"ಸಮುದ್ರ ಹ್ಯಾಂಗಿತ್ತು?" ಎಂದು ಬಸಲಿಂಗಪ್ಪ ಕೇಳಿದ.

"ಇದ್ದಲ್ಲೇ ಐತ್ರಿ."

"ಎಷ್ಟಕ್ಕ ಮುಟ್ಟಿದಿ?"

"ಹನ್ನೆರಡಕ್ಕ ಎಂಟು ಕಮ್ಮಿ."

ಬಸಲಿಂಗಪ್ಪ ಮನಸ್ಸಿನಲ್ಲೇ ಏನೋ ಕೂಡಿಸಿ ಕಳೆದ. ಏಳೂವರೆಗೆ ಬಿಡಬೇಕಿದ್ದ, ಇಲ್ಲದ ವಿಮಾನ, ನಾಲ್ಕು ತಾಸು ಹತ್ತು ನಿಮಿಷದ ಲೆಕ್ಕದಲ್ಲಿ ಹನ್ನೊಂದು ನಲವತ್ತಕ್ಕೇ ಕೊಲ್ವಾ ಮುಟ್ಟಿರುತ್ತಿತ್ತು. ಆದರೆ ಅದು ತಡವಾಗಿಯೇ ಬಿಡುತ್ತಿತ್ತು. ಮೊದಲ ಸರ್ವಿಸ್ ಎಂದೂ ವೇಳೆಗೆ ಬಿಡುವುದಿಲ್ಲ. ಈ ತೀರ್ಪನ್ನು ಅವನು ಹೊರಗೆ ಹೇಳಲಿಲ್ಲ. ಗಾಡಿಯಲ್ಲಿದ್ದವರಿಗೆ ಗೋವಾದ ಸಂಗತಿಯನ್ನೂ ಹೇಳುವುದಿಲ್ಲ ಎಂಬುದು ಅವನು ಧೋತರ ಸರಿಮಾಡಿಕೊಂಡ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಬರೋ ಶನಿವಾರ ಹೋಗೋಣಲ್ಲ," ಎಂದ. "ಎಲ್ಲಾರೂ. ಐದಕ್ಕ ಬಿಟ್ರ ಸಾಕಲ್ಲ?"

ಕಳಕಪ್ಪ ಪ್ಯಾಂಟಿನ ಮಡಿಕೆ ಬಿಚ್ಚಿ ಇಳಿಬಿಟ್ಟ.

"ಸಾಲೂದಿಲ್ರಿ," ಎಂದ. "ನಾಲ್ಕಕ್ಕ ಬಿಡೋಣು. ಘಾಟಿನ್ಯಾಗ ಲಾರಿ ಭಾಳ ಅದಾವು."